ನಂಜುಂಡೇಶ್ ಮೇಷ್ಟ್ರ ಕೊನೆಯ ಎಣಿಕೆ

ಹೊಳೆನರಸೀಪುರದಿಂದ ಅರಕಲಗೂಡಿಗೆ ಹೋಗುವ ರಸ್ತೆಯಲ್ಲಿ ನಾಲೆಯ ಸೇತುವೆ ದಾಟಿದ ಕೂಡಲೇ ಎಡಗಡೆಗೆ ಒಂದು ಹೈಸ್ಕೂಲಿದೆ. ಬೋರ್ಡಿನ ಮೇಲಿನ ಹೆಸರು ಎರಡು ಸಾಲು ಉದ್ದವಿರುವುದರಿಂದ ಅದನ್ನು ಪೂರ್ತಿ ಓದಿದವರಿಲ್ಲ. ಜಾಗ ಕೊಟ್ಟವರ ಹೆಸರು ಹಿಡಿದು ರಂಗಸ್ವಾಮಿಯವರ ಸ್ಕೂಲು ಎನ್ನುತ್ತಾರೆ, ಅಷ್ಟೆ. ಆ ಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟ ನಂಜುಂಡೇಶ್ ಮೇಷ್ಟ್ರಿಗೆ ತಾವು ಪಾಠ ಮಾಡುತ್ತಿದ್ದೇವೆಂದು ಒಂದು ದಿನವೂ ಅನ್ನಿಸಿದ್ದಿಲ್ಲ. ದೇಶಕ್ಕೆ ನಾಯಕರನ್ನು ತಯಾರು ಮಾಡುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

ಅದಕ್ಕೆ ಅವರ ಹತ್ತಿರ ದಾಖಲೆಯೂ ಇತ್ತು. ನೂರು ಪುಟದ ಒಂದು ನೋಟ್‌ಬುಕ್ಕು. ಅದರಲ್ಲಿ ಅವರ ಕೈಯಲ್ಲಿ ಓದಿ ಮುಂದೆ ಬಂದವರ ಹೆಸರುಗಳು: ತಾಲ್ಲೂಕಿನ ಮುಖಂಡನಾದವನು ಒಬ್ಬ, ಹನ್ನೊಂದು ಜನ ಗ್ರಾಮ ಪಂಚಾಯಿತಿ ಮೆಂಬರುಗಳು, ಇಬ್ಬರು ಹಾಲಿನ ಸೊಸೈಟಿ ಅಧ್ಯಕ್ಷರು, ಚನ್ನರಾಯಪಟ್ಟಣದ ಕಡೆ ಹೋಗಿ ಅಲ್ಲಿ ಯಾವುದೋ ಸಂಘದ ಖಜಾಂಚಿಯಾದವನು ಒಬ್ಬ. ಇವರಲ್ಲಿ ಮೂವರು ಜೈಲಿಗೂ ಹೋಗಿ ಬಂದಿದ್ದರು. ಆ ಹೆಸರುಗಳನ್ನು ಮೇಷ್ಟ್ರು ಹೊಡೆದು ಹಾಕಿರಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರೂ ಜೈಲಿಗೆ ಹೋದವರೇ ಅಲ್ಲವೇ ಎಂದು ಹೆಂಡತಿ ದಾಕ್ಷಾಯಣಮ್ಮನನ್ನು ಕೇಳಿದ್ದರು.

"ಅವ್ರು ಓಗಿದ್ದು ಉಪ್ಪು ಮಾಡಿ. ನಿಮ್ ಶಿಷ್ಯ ಓಗಿದ್ದು ಟ್ರಾನ್ಸ್‌ಫಾರ್ಮರ್ ಎಣ್ಣೆ ಕದ್ದು," ಎಂದು ದಾಕ್ಷಾಯಣಮ್ಮ ಒಗ್ಗರಣೆಗೆ ಸಾಸಿವೆ ಹಾಕಿದ್ದರು. ಮನೆಯಲ್ಲಿ ಮೇಷ್ಟ್ರ ಸರ್ಕಾರಕ್ಕೆ ಬಹುಮತ ಇರಲಿಲ್ಲ.

ಸ್ಕೂಲಿನಲ್ಲಿ ಇತ್ತು. ಪ್ರತಿ ವರ್ಷ ಜೂನ್ ಕೊನೆಗೆ ಶಾಲಾ ಸಂಸತ್ತಿನ ಚುನಾವಣೆ. ಗೆದ್ದವರು ಪ್ರಧಾನಿ, ಸೋತವರು ವಿರೋಧ ಪಕ್ಷದ ನಾಯಕರು. ಶನಿವಾರ ಪ್ರಶ್ನೋತ್ತರ ವೇಳೆ; ಯಾರು ಬೇಕಾದರೂ ಎದ್ದು ನಿಂತು ಯಾರನ್ನು ಬೇಕಾದರೂ ಪ್ರಶ್ನೆ ಕೇಳಬಹುದು, ಮೇಷ್ಟ್ರನ್ನೂ. 'ಎದ್ದು ಕೇಳುವವನೇ ಪ್ರಜೆ' ಎಂದು ಅವರೇ ಕಟ್ಟಿದ ವಾಕ್ಯವನ್ನು ಸಭೆ ಸೇರುವ ಹಾಲಿನ ಗೋಡೆಗೆ ನೀಲಿ ಬಣ್ಣದಲ್ಲಿ ಬರೆಸಿದ್ದರು. ಅಕ್ಷರ ಬರೆದವನು ಕೊನೆಗೆ ತನ್ನ ಮೊಬೈಲ್ ನಂಬರನ್ನೂ ಬರೆದು ಹೋಗಿದ್ದ. ಬಹಳ ಮಕ್ಕಳು ನಂಬರು ಸೇರಿಸಿಯೇ ಬಾಯಿಪಾಠ ಮಾಡಿದ್ದರು.

ಮತದಾನಕ್ಕೆ ಮೇಷ್ಟ್ರದ್ದೇ ಒಂದು ಪದ್ಧತಿ ಇತ್ತು. ಕಾಗದ ಇಲ್ಲ, ಮುದ್ರೆ ಇಲ್ಲ. ಇಬ್ಬರು ಅಭ್ಯರ್ಥಿಗಳು, ಒಬ್ಬರ ಗುರುತು ಒಣ ಅವರೆಕಾಳು, ಇನ್ನೊಬ್ಬರದು ಹುಣಸೆಬೀಜ. ಪ್ರತಿ ಮಗುವಿಗೆ ಎರಡನ್ನೂ ಒಂದೊಂದು ಕೊಡುತ್ತಾರೆ. ಮಗು ಕರಿಹಲಗೆಯ ಹಿಂದೆ ಹೋಗಿ ಬೇಕಾದ್ದನ್ನು ಮಡಕೆಗೆ ಹಾಕಬೇಕು, ಬೇಡವಾದ್ದನ್ನು ಕಿಟಕಿಯಾಚೆಯ ನಾಲೆಗೆ ಎಸೆಯಬೇಕು. ಮೊದಲ ವರ್ಷ ನೂರ ಅರವತ್ತು ಮಕ್ಕಳ ಸ್ಕೂಲಿನಲ್ಲಿ ಮುನ್ನೂರ ಹದಿನಾಲ್ಕು ಮತ ಬಿದ್ದವು. ಅವರೆಕಾಳು ಯಾರ ಮನೆಯಲ್ಲಿಲ್ಲ? ಅಂದಿನಿಂದ ಮೇಷ್ಟ್ರು ತಮ್ಮ ಎಲೆಯಡಿಕೆ ಡಬ್ಬಿಯ ಸುಣ್ಣದಿಂದ ಪ್ರತಿ ಕಾಳಿಗೂ ಒಂದೊಂದು ಚುಕ್ಕೆ ಇಟ್ಟು ಕೊಡತೊಡಗಿದರು. ಚುಕ್ಕೆ ಇಲ್ಲದ ಕಾಳು ಮತವಲ್ಲ. ಮಡಕೆಯನ್ನು ಮಧ್ಯಾಹ್ನ ಅವರ ಬೀರುವಿನಲ್ಲಿಟ್ಟು, ಊಟವಾದ ಮೇಲೆ ಎರಡು ಗಂಟೆಗೆ ಮೊರದ ಮೇಲೆ ಸುರಿದು ಎಲ್ಲರೆದುರು ಎಣಿಕೆ. ಹಾಸನದಿಂದ ಬಂದಿದ್ದ ಇನ್‌ಸ್ಪೆಕ್ಟರೊಬ್ಬರು ಇದನ್ನು ನೋಡಿ, "ಬಹಳ ಚೆನ್ನಾಗಿದೆ, ಖರ್ಚೇ ಇಲ್ಲ," ಎಂದು ಬರೆದು ಹೋಗಿದ್ದರು. ಆ ವಾಕ್ಯಕ್ಕೆ ಮೇಷ್ಟ್ರು ಕಟ್ಟು ಹಾಕಿಸಿದ್ದರು.

ಇಂಥ ಪದ್ಧತಿಯ ಒಳಗೆ ಮೇಷ್ಟ್ರು ಒಂದೇ ಒಂದು ಸಲ ಕೈಯಾಡಿಸಿದ್ದರು. ಇಪ್ಪತ್ತನಾಲ್ಕು ವರ್ಷದ ಹಿಂದೆ.

ಆ ವರ್ಷ ಹುಣಸೆಬೀಜ ಕಲ್ಲಮ್ಮನದು. ಹತ್ತನೇ ಕ್ಲಾಸು, ಕೂಲಿ ಮಾಡುವ ಅಣ್ಣಯ್ಯನ ಮಗಳು, ಮಾತಿಗೆ ನಿಂತರೆ ಹೆಡ್ಮಾಸ್ಟರೇ ಗಂಟಲು ಸರಿಮಾಡಿಕೊಳ್ಳುವಂಥ ಹುಡುಗಿ. ಅಣ್ಣಯ್ಯ ಅವಳಿಗೆ ಗಂಡು ನೋಡಿಯಾಗಿತ್ತು. ಸ್ಕೂಲು ಬಿಡಿಸಲು ಬಂದವನನ್ನು ಮೇಷ್ಟ್ರೇ ತಡೆದಿದ್ದರು. "ಇವಳು ಪ್ರಧಾನಿ ಆಗ್ತಾಳೆ ಅಣ್ಣಯ್ಯ. ಪ್ರಧಾನಿನ ಯಾರಾದರೂ ಸ್ಕೂಲು ಬಿಡಿಸ್ತಾರಾ?" ಅಣ್ಣಯ್ಯ ತಲೆ ಕೆರೆದುಕೊಂಡು, "ಆಗ್ಲಿ ಸಾ, ಗೆದ್ರೆ ಓದ್ಲಿ. ಸೋತ್ರೆ ನೀವ್ ಅಡ್ಡ ಬರ್ಬ್ಯಾಡಿ," ಎಂದು ಮಾತು ತೆಗೆದುಕೊಂಡು ಹೋಗಿದ್ದ.

ಅವರೆಕಾಳು ಅನಿಲ್‌ಕುಮಾರನದು. ಸ್ಕೂಲಿನ ಕಾರ್ಯದರ್ಶಿ ರಂಗಸ್ವಾಮಿಯವರ ಮಗ. ಮೇಷ್ಟ್ರ ಕೆಲಸ ಕಾಯಂ ಆಗುವ ಫೈಲಿಗೆ ರಂಗಸ್ವಾಮಿಯವರ ರುಜು ಬೇಕಿತ್ತು. ಅದು ಎಂಟು ತಿಂಗಳಿಂದ ಅವರ ಮೇಜಿನ ಮೇಲಿತ್ತು. ಚುನಾವಣೆಯ ಬೆಳಿಗ್ಗೆ ರಂಗಸ್ವಾಮಿಯವರು ಜೀಪಿನಿಂದ ಇಳಿಯದೆಯೇ, "ನಮ್ ಹುಡುಗ ನಿಂತವ್ನಂತೆ. ನೋಡ್ಕಳಿ ಮೇಷ್ಟ್ರೇ," ಎಂದರು. ಅಷ್ಟೇ. ಬೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ದೊಡ್ಡ ಮನುಷ್ಯರು. ಹೆದರುವ ಕೆಲಸವನ್ನೆಲ್ಲ ಮೇಷ್ಟ್ರೇ ಮಾಡಿಕೊಂಡರು.

ಮಧ್ಯಾಹ್ನ ಬೀರು ತೆಗೆದು ಮಡಕೆಯಿಂದ ಮೂವತ್ತು ಹುಣಸೆಬೀಜ ತೆಗೆದು ಜೇಬಿಗೆ ಹಾಕಿಕೊಂಡರು, ಮಿಕ್ಕಿದ್ದ ಕಾಳಿನ ಡಬ್ಬಿಯಿಂದ ಮೂವತ್ತು ಅವರೆಕಾಳು ಮಡಕೆಗೆ ಸುರಿದರು. ಸುಣ್ಣದ ಚುಕ್ಕೆ ಇಡಬೇಕಿತ್ತೆಂದು ನೆನಪಾದಾಗ ಎಣಿಕೆ ಅರ್ಧ ಮುಗಿದಿತ್ತು. ಆದರೆ ಬಿಳಿಯ ಅವರೆಯ ಮೇಲೆ ಬಿಳಿಯ ಸುಣ್ಣ ಇದ್ದರೂ ಒಂದೇ ಇರದಿದ್ದರೂ ಒಂದೇ. ಯಾರೂ ಗಮನಿಸಲಿಲ್ಲ. ಅನಿಲ್‌ಕುಮಾರ ಪ್ರಧಾನಿಯಾದ, ಮೇಷ್ಟ್ರು ಕಾಯಂ ಆದರು, ಕಲ್ಲಮ್ಮ ಮುಂದಿನ ಸೋಮವಾರದಿಂದ ಬರಲಿಲ್ಲ. ಮೂವರಿಗೂ ಫಲಿತಾಂಶ ಒಟ್ಟಿಗೇ ಬಂತು.

ಕಲ್ಲಮ್ಮನ ಮದುವೆಗೆ ಮೇಷ್ಟ್ರು ಸ್ಟೀಲ್ ತಟ್ಟೆ ಕೊಟ್ಟರು. ಹತ್ತು ವರ್ಷದ ಮೇಲೆ ಗಂಡನನ್ನು ಕಳೆದುಕೊಂಡು ಸಣ್ಣ ಹೆಣ್ಣುಮಗುವಿನೊಂದಿಗೆ ಅವಳು ವಾಪಸ್ಸು ಬಂದಾಗ ಮೇಷ್ಟ್ರೇ ಓಡಾಡಿ ಸ್ಕೂಲಿನ ಬಿಸಿಯೂಟದ ಅಡುಗೆ ಕೆಲಸ ಕೊಡಿಸಿದರು. ಅಲ್ಲಿಗೆ ಅವಳ ಋಣ ತೀರಿತೆಂದು ಒಂದು ನಿಟ್ಟುಸಿರು ಬಿಟ್ಟು, ಅಂದಿನಿಂದ ದಿನಾ ಅವಳ ಕೈಯ ಸಾರನ್ನೇ ಊಟ ಮಾಡುತ್ತ ಬಂದರು. ಸಾರು ಚೆನ್ನಾಗಿಯೇ ಇರುತ್ತಿತ್ತು.

ಈ ವರ್ಷ ಜುಲೈಗೆ ಮೇಷ್ಟ್ರು ನಿವೃತ್ತರಾಗಬೇಕಿತ್ತು. ಕೊನೆಯ ಚುನಾವಣೆಗೆ ನಾಮಪತ್ರ ಹಾಕಿದವರನ್ನು ನೋಡಿ ಅವರಿಗೆ ದೇವರ ಮೇಲೆ ಅನುಮಾನ ಬಂತು. ಅವರೆಕಾಳು: ಧನ್ಯಾ, ಈಗ ಸ್ಕೂಲಿನ ಕಾರ್ಯದರ್ಶಿಯೂ ತಾಲ್ಲೂಕಿನ ಮುಖಂಡನೂ ಆಗಿರುವ ಅನಿಲ್‌ಕುಮಾರನ ಮಗಳು. ಹುಣಸೆಬೀಜ: ಮಾನಸಾ, ಕಲ್ಲಮ್ಮನ ಮಗಳು.

ಮಾನಸಾ ಅವರ ಮೂವತ್ತು ವರ್ಷದ ಬೆಳೆಯಲ್ಲೇ ಒಳ್ಳೆಯ ಫಸಲು. ಶನಿವಾರ ಎದ್ದು ನಿಂತಳೆಂದರೆ ಹೆಡ್‌ಮಿಸ್ಟ್ರೆಸ್ ಪ್ರತಿಭಾ ಅವರಿಗೆ ಹಾಸನದಲ್ಲಿ ಯಾವುದಾದರೂ ಮೀಟಿಂಗು ನೆನಪಾಗುತ್ತಿತ್ತು. ಒಂದು ಸಲ, "ಹುಡುಗಿಯರ ಶೌಚಾಲಯದ ಬೀಗದ ಕೈ ಹೆಡ್‌ಮಿಸ್ಟ್ರೆಸ್ ಬ್ಯಾಗಲ್ಲಿ ಯಾಕಿದೆ?" ಎಂದು ಕೇಳಿ ಮೂರನೆಯ ದಿನಕ್ಕೆ ಬೀಗವನ್ನೇ ತೆಗೆಸಿದ್ದಳು. ಇವಳು ಗೆದ್ದರೆ ಸಾಕು, ನಾನು ಮಾಡಿದ್ದು ಅಳಿಸಿ ಹೋಗುತ್ತದೆ ಎಂದುಕೊಂಡರು ಮೇಷ್ಟ್ರು. ನ್ಯಾಯವಾಗಿ ಎಣಿಸುವುದು, ಅವಳು ಗೆಲ್ಲುವುದು, ಕಲ್ಲಮ್ಮ ಅಡುಗೆ ಮನೆಯ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು. ಇಷ್ಟನ್ನು ಅವರು ಹದಿನೈದು ದಿನ ಮನಸ್ಸಿನಲ್ಲೇ ನೋಡಿ, ಎರಡು ಸಲ ತಾವೇ ಕಣ್ಣೊರೆಸಿಕೊಂಡರು.

ಚುನಾವಣೆಯ ಬೆಳಿಗ್ಗೆ ಎಂಟೂವರೆಗೆ ಮೇಷ್ಟ್ರು ಸುಣ್ಣದ ಡಬ್ಬಿ ತೆಗೆದಾಗ ಮಾನಸಾ ಎದ್ದು ನಿಂತಳು.

"ಸಾರ್, ಒಂದು ಆಕ್ಷೇಪಣೆ. ಸುಣ್ಣ ಬೇಡ."

"ಯಾಕಮ್ಮ?"

"ಅವರೆ ಮೇಲೆ ಸುಣ್ಣ ಕಾಣಲ್ಲ ಸಾರ್. ಇಟ್ಟವ್ರೆ ಅಂದ್ರೂ ನಂಬ್ಬೇಕು, ಇಟ್ಟಿಲ್ಲ ಅಂದ್ರೂ ನಂಬ್ಬೇಕು."

ಮೇಷ್ಟ್ರ ಕೈ ಡಬ್ಬಿಯಲ್ಲೇ ನಿಂತಿತು. "ಯಾರು ಹೇಳಿದ್ದು ನಿಂಗೆ?"

"ನಮ್ಮವ್ವ."

ಅಡುಗೆ ಮಾಡುವವಳಿಗೆ ಅವರೆ, ಸುಣ್ಣ ಎರಡರ ಬಣ್ಣವೂ ಗೊತ್ತಿರುತ್ತದೆ, ಅದರಲ್ಲೇನು ಎಂದು ಮೇಷ್ಟ್ರು ತಮಗೆ ತಾವೇ ಹೇಳಿಕೊಂಡರು. ಸುಣ್ಣಕ್ಕೆ ಅರಿಶಿನ ಕಲೆಸಿದರೆ ಆರತಿ ನೀರಿನ ಹಾಗೆ ಕೆಂಪಾಗುತ್ತದಲ್ಲ, ಅದನ್ನು ಇಡೋಣ ಎಂದಳು ಮಾನಸಾ. ಪ್ರತಿಭಾ ಅವರೇ ಕೂತು ಕಡ್ಡಿಯಲ್ಲಿ ಅದ್ದಿ ನಾನೂರ ಇಪ್ಪತ್ತನಾಲ್ಕು ಕಾಳುಗಳಿಗೆ ಕೆಂಪು ಚುಕ್ಕೆ ಇಟ್ಟು, ಪೇಪರಿನ ಮೇಲೆ ಹರವಿ ಬಿಸಿಲಿಗೆ ಒಣಗಿಸಿದರು. "ನೋಡಿದಿರಾ, ನಾನು ಕಲಿಸಿದ್ದು," ಎಂದು ಮೇಷ್ಟ್ರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

ಮತದಾನ ಚೊಕ್ಕವಾಗಿ ನಡೆಯಿತು. ಒಂದೇ ಒಂದು ತೊಂದರೆ ಎಂದರೆ ಧನ್ಯಾ ಒಳ್ಳೆಯ ಹುಡುಗಿ. ಸೊಕ್ಕಿನವಳಾಗಿದ್ದರೆ ಮೇಷ್ಟ್ರಿಗೆ ಅನುಕೂಲವಾಗುತ್ತಿತ್ತು. ಎಲ್ಲರ ಜೊತೆ ಖೋಖೋ ಆಡುತ್ತಾಳೆ, ಲೆಕ್ಕ ತಪ್ಪಿದರೆ ತಾನೇ ನಗುತ್ತಾಳೆ. ಸಾಲದ್ದಕ್ಕೆ ಆ ತಿಂಗಳು ಅವರಪ್ಪ ಸ್ಕೂಲಿಗೆಲ್ಲ ತನ್ನ ಫೋಟೋ ಇರುವ ನೀರಿನ ಬಾಟಲು ಹಂಚಿದ್ದ. ಇನ್ನೂರ ಹನ್ನೆರಡು ಮಕ್ಕಳು ಮುಖಂಡನ ತಲೆಯ ಮುಚ್ಚಳ ತಿರುಗಿಸಿ ನೀರು ಕುಡಿಯುತ್ತ ಸಾಲಿನಲ್ಲಿ ನಿಂತಿದ್ದರು. ಮಾನಸಾಳ ಮೇಲೆ ಅವರಿಗೆ ಗೌರವ ಇತ್ತು. ಗೌರವ ಇರುವವರಿಗೆ ನಮ್ಮ ಕಡೆ ನಮಸ್ಕಾರ ಹಾಕುತ್ತಾರೆ, ಓಟು ಹಾಕುವುದು ಬೇರೆಯವರಿಗೆ.

ಒಂದು ಗಂಟೆಗೆ ಎಲ್ಲರೂ ಊಟಕ್ಕೆ ಹೋದಾಗ ಮೇಷ್ಟ್ರು ಬೀರು ತೆಗೆದು ಮಡಕೆಯೊಳಗೆ ಇಣುಕಿದರು. ಎಲ್ಲಿ ನೋಡಿದರೂ ಅವರೆಕಾಳು. ಮಧ್ಯೆ ಮಧ್ಯೆ ಒಂದೊಂದು ಹುಣಸೆಬೀಜ, ಅನ್ನದಲ್ಲಿ ಸಿಕ್ಕಿದ ಕಲ್ಲಿನ ಹಾಗೆ.

ಅವರು ಬೀರು ಮುಚ್ಚಿದರು. ಮತ್ತೆ ತೆಗೆದರು. ಅಂದು ತೆಗೆದುಕೊಂಡದ್ದನ್ನು ಇಂದು ವಾಪಸ್ಸು ಹಾಕುತ್ತೇನೆ, ಇದು ಮೋಸ ಹೇಗಾಗುತ್ತದೆ? ಮೂವತ್ತು ತೆಗೆದಿದ್ದೆ; ಇಪ್ಪತ್ತನಾಲ್ಕು ವರ್ಷದ ಬಡ್ಡಿ ಸೇರಿ ನಲವತ್ತು. ಡಬ್ಬಿಯಲ್ಲಿ ಹುಣಸೆಬೀಜ ಮಿಕ್ಕಿದ್ದವು, ಸುಣ್ಣ ಅವರದೇ ಇತ್ತು. ಅರಿಶಿನ ಇರಲಿಲ್ಲ. ಅಡುಗೆ ಮನೆಗೆ ಹೋದರು.

"ಒಂಚೂರು ಅರಿಶಿನ ಕೊಡು ಕಲ್ಲಮ್ಮ. ಗಂಟಲು ನೋವು."

"ಆಲ್ಗೆ ಆಕ್ಕೊಡ್ಲಾ ಸಾ?"

"ಬೇಡ ಬೇಡ, ಪುಡಿ ಸಾಕು."

ಕಲ್ಲಮ್ಮ ಕಾಗದದಲ್ಲಿ ಪೊಟ್ಟಣ ಕಟ್ಟಿಕೊಟ್ಟಳು. ಅವರ ಮುಖವನ್ನೊಮ್ಮೆ ನೋಡಿದಳು. ಗಂಟಲನ್ನು ನೋಡಲಿಲ್ಲ.

ಈ ಸಲ ಮೇಷ್ಟ್ರು ಯಾವುದನ್ನೂ ಮರೆಯಲಿಲ್ಲ. ನಲವತ್ತು ಬೀಜಕ್ಕೂ ಚುಕ್ಕೆ ಇಟ್ಟರು, ನಲವತ್ತು ಅವರೆ ಎಣಿಸಿ ತೆಗೆದು ಜುಬ್ಬದ ಜೇಬಿಗೆ ಹಾಕಿಕೊಂಡರು, ಮಡಕೆಯನ್ನು ಅಲ್ಲಾಡಿಸಿ ಬೆರೆಸಿದರು. ಕೈ ತೊಳೆದುಕೊಂಡು ಬರುವಾಗ ಎರಡು ಗಂಟೆ ಹೊಡೆಯಿತು.

ಹಾಲಿನಲ್ಲಿ ಮಕ್ಕಳೆಲ್ಲ ನೆಲದ ಮೇಲೆ, ಕುರ್ಚಿಯ ಮೇಲೆ ಮುಖ್ಯ ಅತಿಥಿ ಅನಿಲ್‌ಕುಮಾರ್, ಪಕ್ಕದಲ್ಲಿ ಪ್ರತಿಭಾ. ಬಾಗಿಲ ಹತ್ತಿರ ಸೆರಗಿಗೆ ಕೈ ಒರೆಸುತ್ತ ಕಲ್ಲಮ್ಮ. ಮೇಷ್ಟ್ರು ಮೊರದ ಮೇಲೆ ಮಡಕೆ ಬಗ್ಗಿಸಿದರು. ಧನ್ಯಾ ಈ ಕಡೆ, ಮಾನಸಾ ಆ ಕಡೆ ಕೂತು ಕಾಳು, ಬೀಜ ಬೇರೆ ಮಾಡಿದರು. ಮೇಷ್ಟ್ರು ಹತ್ತತ್ತರ ಗುಡ್ಡೆ ಮಾಡಿ ಎಣಿಸಿ ಘೋಷಿಸಿದರು:

"ಅವರೆ ತೊಂಬತ್ತನಾಲ್ಕು. ಹುಣಸೆ ನೂರ ಹದಿನೆಂಟು. ಪ್ರಧಾನಿ, ಮಾನಸಾ!"

ಚಪ್ಪಾಳೆ ಬಿತ್ತು. ಧನ್ಯಾ ಕೂಡ ತಟ್ಟಿದಳು. ಮೇಷ್ಟ್ರು ಬಾಗಿಲ ಕಡೆ ನೋಡಿದರು, ಕಲ್ಲಮ್ಮ ಕಣ್ಣೊರೆಸಿಕೊಳ್ಳುತ್ತಿರಲಿಲ್ಲ. ಮಾನಸಾ ತನ್ನ ಬೆರಳನ್ನು ನೋಡಿಕೊಳ್ಳುತ್ತಿದ್ದಳು. ಬೆರಳ ತುದಿ ಕೆಂಪಾಗಿತ್ತು.

"ಸಾರ್, ಒಂದು ಪ್ರಶ್ನೆ."

"ಶನಿವಾರ ಕೇಳಮ್ಮ."

"ಎದ್ದು ಕೇಳೋನೇ ಪ್ರಜೆ ಅಂತ ಬರೆದಿದೆಯಲ್ಲ ಸಾರ್. ಶನಿವಾರ ಅಂತ ಬರೆದಿಲ್ಲ." ಮಕ್ಕಳು ನಕ್ಕರು. ಅವಳು ನಗಲಿಲ್ಲ. ಒಂದು ಹುಣಸೆಬೀಜ ಎತ್ತಿ ತೋರಿಸಿದಳು. "ಬೆಳಿಗ್ಗೆ ಇಟ್ಟಿದ್ದೆಲ್ಲ ಒಣಗಿದೆ. ಇದು ಹಸಿ. ಕೈಗೆ ಅಂಟ್ತದೆ." ಬೀಜಗಳನ್ನು ಒಂದೊಂದಾಗಿ ಉಜ್ಜಿ ನೋಡಿ, ಹಸಿಯವನ್ನು ಬೇರೆ ಗುಡ್ಡೆ ಹಾಕತೊಡಗಿದಳು. ನಾಲ್ಕು ಗುಡ್ಡೆ ಆಯಿತು. "ಇವು ನಲವತ್ತು. ಇವು ಓಟಲ್ಲ ಸಾರ್. ಇನ್ನೂರ ಹನ್ನೆರಡು ಜನ ಓಟು ಹಾಕಿದೀವಿ. ಹಂಗಾದ್ರೆ ನಲವತ್ತು ಅವರೆ ಎಲ್ಲೋ ಇರ್ಬೇಕು."

ಅವಳು ಯಾರ ಕಡೆಯೂ ಬೆರಳು ತೋರಿಸಲಿಲ್ಲ. ಲೆಕ್ಕ ಬಿಡಿಸಿ ಉತ್ತರಕ್ಕೆ ಕಾಯುವ ಮಕ್ಕಳ ಹಾಗೆ ಸುಮ್ಮನೆ ನಿಂತಳು. ಅದನ್ನೂ ಮೇಷ್ಟ್ರೇ ಕಲಿಸಿದ್ದು: ಪ್ರಶ್ನೆ ಕೇಳಿದ ಮೇಲೆ ಮಾತಾಡಬಾರದು, ಕಾಯಬೇಕು. ಅವರ ಜುಬ್ಬದ ಜೇಬು ಒಂದು ಕಡೆ ಜೋತುಬಿದ್ದಿತ್ತು. ಕೊನೆಗೆ ಅವರೇ ಕೈ ಹಾಕಿ ಕಾಳುಗಳನ್ನು ತೆಗೆದು ಮೊರಕ್ಕೆ ಹಾಕಿದರು. ಎರಡು ಸಲ ಹಾಕಬೇಕಾಯಿತು. ನಲವತ್ತು ಒಂದೇ ಮುಷ್ಟಿಗೆ ಬರಲಿಲ್ಲ.

ಬಾಗಿಲ ಕಡೆಯಿಂದ ಕಲ್ಲಮ್ಮನ ದನಿ ಬಂತು. ಜೋರಾಗಿ ಹೇಳಲಿಲ್ಲ. "ಅವತ್ತು ಚುಕ್ಕೆನೇ ಇರ್ನಿಲ್ಲ. ಈ ಸಲ ಇಟ್ಟವ್ರೆ."

ಅಷ್ಟರಲ್ಲಿ ಅನಿಲ್‌ಕುಮಾರ್ ಎದ್ದು ಜೋರಾಗಿ ಚಪ್ಪಾಳೆ ತಟ್ಟಿದ.

"ಮಕ್ಕಳೇ! ಗೊತ್ತಾಯ್ತಾ ಇದೇನು ಅಂತ? ಮೇಷ್ಟ್ರು ನಿಮ್ಮನ್ನ ಪರೀಕ್ಷೆ ಮಾಡಿದ್ರು! ಮೋಸ ನಡೆದ್ರೆ ಹಿಡೀತೀರಾ ಇಲ್ವಾ ಅಂತ ಬೇಕಂತ್ಲೇ ಹಾಕಿದ್ರು. ಇಂಥ ಗುರುಗಳು ಎಲ್ಲಿ ಸಿಗ್ತಾರೆ? ಎಲ್ಲಾ ಚಪ್ಪಾಳೆ ಹೊಡೀರಿ!"

ಇಡೀ ಹಾಲ್ ಸದ್ದಿನಲ್ಲಿ ಮುಳುಗಿತು. ಪ್ರತಿಭಾ ಕಣ್ಣಗಲಿಸಿ, "ನನಗೇ ಹೇಳಿರಲಿಲ್ಲ!" ಎಂದರು. ಮಾನಸಾ ಮಾತ್ರ ಕದಲಲಿಲ್ಲ. ಸದ್ದು ಇಳಿಯುವವರೆಗೆ ಕಾದು, ಮೆಲ್ಲಗೆ ಕೇಳಿದಳು:

"ಹೌದಾ ಸಾರ್?"

ಮೂವತ್ತು ವರ್ಷದಲ್ಲಿ ಅವರು ಸಾವಿರಾರು ಮಕ್ಕಳಿಗೆ ಎರಡಕ್ಷರದ ಒಂದು ಮಾತು ಹೇಳುವುದನ್ನು ಕಲಿಸಿದ್ದರು. ಅದು 'ಇಲ್ಲ'. ಬಾಯಿ ತೆರೆದರು. ಮುಂದಿನ ತಿಂಗಳ ಬೀಳ್ಕೊಡುಗೆ, ಶಾಲು, ಹಾರ, ನೋಟ್‌ಬುಕ್ಕು, ದಾಕ್ಷಾಯಣಮ್ಮನ ಸಾಸಿವೆ, ಎಲ್ಲ ಒಂದು ಸಲ ಕಣ್ಣ ಮುಂದೆ ಬಂದವು.

"ಹೌದಮ್ಮ," ಎಂದರು.

ಮಾನಸಾ ತಲೆಯಾಡಿಸಿದಳು. ಅವರನ್ನು ನಂಬಿದಳೋ ಅಥವಾ ಅವರ ಬಗ್ಗೆ ತಿಳಿಯಬೇಕಾದ್ದು ತಿಳಿಯಿತೋ ಮೇಷ್ಟ್ರಿಗೆ ಗೊತ್ತಾಗಲಿಲ್ಲ. ಮೊರದ ಹತ್ತಿರ ಬಗ್ಗಿ ಕಾಳುಗಳನ್ನು ಮತ್ತೆ ಎಣಿಸಿ, ತಾನೇ ಘೋಷಿಸಿದಳು. "ಅವರೆ ನೂರ ಮೂವತ್ತನಾಲ್ಕು. ಹುಣಸೆ ಎಪ್ಪತ್ತೆಂಟು. ಧನ್ಯಾ ಗೆದ್ದಳು." ಆಮೇಲೆ ಕೈ ತೊಳೆಯಲು ಹೋದಳು. ಅರಿಶಿನ ಸುಣ್ಣದ ಕೆಂಪು ಬೇಗ ಹೋಗುವುದಿಲ್ಲ. ಬಹಳ ಹೊತ್ತು ನಲ್ಲಿಯ ಹತ್ತಿರವೇ ಇದ್ದಳು.

ಕಾರು ಹತ್ತುವ ಮುಂಚೆ ಅನಿಲ್‌ಕುಮಾರ್ ಮೇಷ್ಟ್ರ ಹೆಗಲ ಮೇಲೆ ಕೈ ಹಾಕಿ ಮರೆಗೆ ಕರೆದುಕೊಂಡು ಹೋದ.

"ಯಾಕ್ ಸಾ ಇಂಗ್ ಬೆವರ್ತಾ ಇದ್ದೀರಿ? ಅವತ್ತು ನಾನೂ ಪಕ್ಕದಲ್ಲೇ ನಿಂತಿರ್ನಿಲ್ವಾ? ಕಾಳ್ ಮುಟ್ಟಿ ಮುಟ್ಟಿ ಎಣಿಸ್ದೆ, ಮೂವತ್ತು ಬೋಳು ಅವರೆ. ನಿಮ್ ಕ್ಲಾಸಲ್ಲಿ ಮೂರ್ ವರ್ಷ ಕೂತು ನಂಗೆ ತಲೆಗೆ ಅತ್ತಿದ್ ಪಾಠ ಅದೊಂದೇ ಕಣ್ ಸಾ. ಅದ್ರಲ್ಲೇ ಇಲ್ಲೀಗಂಟ ಬಂದಿವ್ನಿ."

ಮೇಷ್ಟ್ರು ಜುಬ್ಬದ ಖಾಲಿ ಜೇಬಿಗೆ ಕೈ ಹಾಕಿದರು.

"ರಿಟೈರಾಗಿ ಮನೇಲಿ ಕೂತ್ಕೊಬ್ಯಾಡಿ. ನವೆಂಬರಲ್ಲಿ ಸೊಸೈಟಿ ಎಲೆಕ್ಷನ್ ಅದೆ. ನಮ್ ಎಣಿಕೆ ಏಜೆಂಟ್ರುಗೆ ಟ್ರೈನಿಂಗ್ ಕೊಡೋಕೆ ನೀವೇ ಬರ್ಬೇಕು. ಈ ಸಲ ಸಿಕ್ಕಾಕ್ಕೊಂಡ್ರಿ ನಿಜ," ಎಂದು ಅನಿಲ್‌ಕುಮಾರ್ ಕಣ್ಣು ಮಿಟುಕಿಸಿದ. "ಒಣಗ್ಸೋಕೆ ಪುರುಸೊತ್ತು ಬೇಕು ಸಾ ಯಾವ್ದಕ್ಕೂ."

ಅಂದು ಸಂಜೆ ಮೇಷ್ಟ್ರು ನೋಟ್‌ಬುಕ್ಕು ತೆಗೆದರು. ಮಾನಸಾಳ ಹೆಸರು ಬರೆಯಬೇಕೆಂದು ಪೆನ್ನಿನ ಮುಚ್ಚಳ ಬಿಚ್ಚಿದರು. ಯಾವ ಕ್ರಮಸಂಖ್ಯೆ ಹಾಕುವುದೆಂದು ಹಿಂದಿನ ಹೆಸರುಗಳನ್ನು ನೋಡಿದರು. ಮೊದಲನೆಯ ಹೆಸರು ಅನಿಲ್‌ಕುಮಾರನದು. ಮುಚ್ಚಳ ಹಾಕಿದರು.

ಮಾರನೆಯ ದಿನ ಊಟಕ್ಕೆ ಹೋಗಬಾರದೆಂದುಕೊಂಡವರು ಒಂದೂಕಾಲಿಗೆ ಹಸಿವಾಗಿ ಹೋದರು. ಮಕ್ಕಳೆಲ್ಲ ಎದ್ದು ಹೋಗಿದ್ದರು. ಕಲ್ಲಮ್ಮ ಯಾವಾಗಿನಂತೆ ತಟ್ಟೆ ತೊಳೆದು ಅವರ ಮುಂದಿಟ್ಟಳು, ಅನ್ನ ಹಾಕಿದಳು, ಸೌಟಿನಲ್ಲಿ ಸಾರು ಬಿಟ್ಟಳು. ಮೇಷ್ಟ್ರು ಅನ್ನದ ಮಧ್ಯೆ ಗುಳಿ ಮಾಡಿದರು.

"ಅವತ್ತೇ ಗೊತ್ತಿತ್ತಾ ಕಲ್ಲಮ್ಮ?"

"ಊಂ ಸಾ. ಅವರೆಕಾಳು ಬಿಡ್ಸಿ ಬೆಳೆದ ಕೈ. ಗೊತ್ತಾಗ್ದೆ ಇರ್ತದಾ."

"ಮತ್ತೆ..." ಮೇಷ್ಟ್ರ ದನಿಯಲ್ಲಿ ಸಣ್ಣದೊಂದು ಆಸೆ ಇತ್ತು, ತಪ್ಪಿನಲ್ಲಿ ಸ್ವಲ್ಪ ಪಾಲು ಅವಳ ಮೇಲೂ ಬೀಳಲಿ ಎಂಬ ಆಸೆ. "ಮತ್ತೆ ನೀನು ಯಾಕೆ ಎದ್ದು ಕೇಳಲಿಲ್ಲ? ನಿನ್ನ ಮಗಳ ಹಾಗೆ ಕೇಳಬಹುದಿತ್ತಲ್ಲ?"

ಕಲ್ಲಮ್ಮ ಸೌಟನ್ನು ಪಾತ್ರೆಯ ಅಂಚಿಗೆ ತಟ್ಟಿದಳು. ಅವಳ ಮುಖದಲ್ಲಿ ಸಿಟ್ಟು ಇರಲಿಲ್ಲ. ನಿಜಕ್ಕೂ ಆಶ್ಚರ್ಯ ಇತ್ತು.

"ಎದ್ದಿದ್ನಲ್ಲ ಸಾ. ನೆನಪಿಲ್ವಾ? ಎದ್ದು, 'ಸಾ' ಅಂದೆ. ನೀವು ಕೂತ್ಕೊ ಅಂದ್ರಿ."

ಮೇಷ್ಟ್ರು ನೆನಪು ಮಾಡಿಕೊಳ್ಳಲು ಬಹಳ ಪ್ರಯತ್ನಪಟ್ಟರು. ನೆನಪಾಗಲಿಲ್ಲ. ಎಷ್ಟು ಮಕ್ಕಳಿಗೆ ಎಷ್ಟು ಸಲ ಹೇಳಿದ ಮಾತೋ ಅದು.

"ಇನ್ನೊಂದ್ ಸೌಟು ಬುಡ್ಲಾ ಸಾ?" ಎಂದಳು ಕಲ್ಲಮ್ಮ.

ಮೇಷ್ಟ್ರು ತಟ್ಟೆಯನ್ನು ಸೌಟಿನ ಕಡೆಗೆ ಸರಿಸಿದರು.